ತಪ್ಪು ಹೇಳುವ ಗಂಟೆ

ಕಣ್ಣು ಬಿಟ್ಟಾಗ ಎದುರಿನ ಮಂಚದ ಹೊದಿಕೆ ಆಗಲೇ ಮಡಚಿ ದಿಂಬಿನ ಮೇಲೆ ಕೂತಿತ್ತು. ದಿನಾ ಹಾಗಿರುತ್ತಿರಲಿಲ್ಲ. ದೊಡ್ಡಮ್ಮ ತನ್ನ ಹೊದಿಕೆಯನ್ನು ಹಾಗೇ ಬಿಟ್ಟು ಮೊದಲು ಇವಳದನ್ನು ಎಳೆಯುತ್ತಿದ್ದಳು. "ಏಳೇ ಬಾತುಕೋಳಿ, ಎರಡನೇ ಕ್ಲಾಸಿನ ಮಕ್ಕಳು ಬಂದು ನಿನ್ನ ಮುಖ ತೊಳೆಸ್ಬೇಕಾ?" ಇವತ್ತು ಯಾರೂ ಎಳೆಯಲಿಲ್ಲ. ಹೊರಗೆ ಕೊಳಾಯಿಯ ಸದ್ದು, ಯಾರೋ ಬಕೆಟ್ಟನ್ನು ನೆಲದ ಮೇಲೆ ಎಳೆಯುವ ಸದ್ದು, ನಡುವೆ ದೊಡ್ಡಮ್ಮನ ಕೆಮ್ಮು. ಕೆಮ್ಮುವಾಗ ತೊದಲುವುದಿಲ್ಲ ಎಂದು ಇವಳಿಗೆ ಹೊಳೆಯಿತು; ಹೊಳೆದದ್ದಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಅವಳು ಯಾರಿಗೂ ದೊಡ್ಡಮ್ಮನಲ್ಲ. ಶಿಕ್ಷಕರ ತರಬೇತಿಗೆ ವಯಸ್ಸಿನ ಮಿತಿ ಮುಗಿಯುವ ವರ್ಷ ಸೇರಿದವಳು, ಚಿಕ್ಕ ಮಗಳನ್ನು ತಂಗಿಯ ಮನೆಯಲ್ಲಿ ಬಿಟ್ಟು ಬಂದವಳು. ಮೊದಲ ದಿನವೇ ಹುಡುಗಿಯರು ಆ ಹೆಸರಿಟ್ಟರು, ಅವಳೂ ಓಗೊಟ್ಟಳು. ಒಂದೇ ಕೋಣೆಯವಳಾದ ಇವಳು ಮಾತ್ರ ಅಕ್ಕ ಅನ್ನುತ್ತಿದ್ದಳು. ಒದ್ದೆ ಕೂದಲಿಗೆ ಟವಲು ಸುತ್ತಿಕೊಂಡು ದೊಡ್ಡಮ್ಮ ಒಳಗೆ ಬಂದಾಗ ಇವಳು ನಿದ್ದೆಯಲ್ಲಿರುವಂತೆ ಕಣ್ಣು ಮುಚ್ಚಿಕೊಂಡಳು. ಕಾಲ ಹತ್ತಿರ ಏನೋ ಹಗುರವಾದದ್ದು ಬಿತ್ತು. ಆಮೇಲೆ ನೋಡಿದರೆ, ಇವತ್ತಿನ ಪಾಠದ ಪದಪಟ್ಟಿಗಳು. ಮೊನ್ನೆ ದೊಡ್ಡಮ್ಮನೇ ರಟ್ಟು ಕತ್ತರಿಸಿ ಬರೆದುಕೊಟ್ಟಿದ್ದಳು; ಪಾಠದಲ್ಲಿ ಬರುವ ಕ್ರಮದಲ್ಲಿ ಜೋಡಿಸಿ, ಜಾರದ ಹಾಗೆ ದಾರ ಸುತ್ತಿದ್ದಳು. ಮುನಿಸಿಕೊಂಡವರು ಹೀಗೆ ಮಾಡುವುದಿಲ್ಲ. ಮುನಿಸಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಶಾಲೆಗೆ ಹೋಗುವ ದಾರಿಯಲ್ಲಿ ದೊಡ್ಡಮ್ಮ ಮುಂದೆ, ಉದ್ದಜಡೆಯವಳ ಜೊತೆ. ಉದ್ದಜಡೆಯವಳೂ, ಎಲ್ಲರೂ ಕ್ಯಾಪ್ಟನ್ ಅಂತ ಕರೆಯುವ ಆಟದ ಹುಚ್ಚಿನ ಹುಡುಗನೂ ಇವರಿಬ್ಬರ ಗುಂಪಿನವರು. ನಾಲ್ವರಿಗೂ ಇದೇ ಶಾಲೆಯ ಎರಡನೇ ತರಗತಿಯಲ್ಲಿ ಭಾಷೆಯ ಪಾಠಾಭ್ಯಾಸ. ಸೈಕಲ್ ರಿಪೇರಿಯ ಅಂಗಡಿ, ಗೋಡೆಗೆ ಒರಗಿಸಿದ ಟೈರುಗಳು, ಇನ್ನೂ ಶಟರ್ ಎತ್ತದ ಜೆರಾಕ್ಸ್ ಅಂಗಡಿ. ದೊಡ್ಡಮ್ಮನ ಬೆನ್ನು ಎಂದಿನಂತೆ ನೆಟ್ಟಗಿತ್ತು. ಉದ್ದಜಡೆಯವಳು ಏನೋ ಹೇಳುತ್ತಿದ್ದಳು, ದೊಡ್ಡಮ್ಮ ತಲೆ ಆಡಿಸುತ್ತಿದ್ದಳು. ಹೊರಗಿನವರ ಹತ್ತಿರ ಅವಳ ಮಾತೇ ಹಾಗೆ, ಅರ್ಧ ತಲೆಯಲ್ಲಿ, ಅರ್ಧ ಕೈಯಲ್ಲಿ. ಗಂಭೀರ ಹೆಂಗಸು ಎಂದು ಎಲ್ಲರೂ ತಿಳಿದಿದ್ದರು. ಕೋಣೆಗೆ ಬಂದು ಚಿಲಕ ಹಾಕಿದರೆ ಬೇರೆಯವಳು. ವಾರ್ಡನ್ನಿನ ನಡಿಗೆ, ಮೇಷ್ಟ್ರ ಸೀನು, ಗಂಡ ಬಿಟ್ಟುಹೋದ ದಿನ ಅತ್ತೆ ಹೇಳಿದ ಮಾತು, ಎಲ್ಲವನ್ನೂ ಅಭಿನಯ ಮಾಡಿ ತೋರಿಸಿ ಹೊಟ್ಟೆ ಹಿಡಿದುಕೊಂಡು ನಗುವಂತೆ ಮಾಡುತ್ತಿದ್ದಳು. ಒಂದು ಸಂಜೆ ತಾನಾಗಿಯೇ ಹೇಳಿದ್ದಳು: "ಪ, ಬ, ಮ ಬಂದ್ರೆ ತುಟಿ ಅಂಟ್ಕೊಂಡ್ಬಿಡುತ್ತೆ ಕಣೇ, ಚಿಕ್ಕೋಳಿದ್ದಾಗಿಂದ. ಅದಕ್ಕೆ ಬೇರೆ ಪದ ಹುಡುಕ್ತೀನಿ. ನೀರು ಬೇಕು ಅನ್ನಲ್ಲ, ನೀರು ಕೊಡಿ ಅಂತೀನಿ. ನಿನ್ನ ಹತ್ರ ಮಾತ್ರ ಯಾಕೋ ನಾಲಿಗೆ ಕಾಲು ಚಾಚ್ಕೊಂಡು ಕೂತಿರುತ್ತೆ." ಇವಳು ಉಬ್ಬಿಹೋಗಿ, ಯಾಕೆ ಅಂತ ಕೇಳಿದ್ದಳು. "ನನ್ನ ಮಗಳ ಹತ್ರಾನೂ ಸಿಕ್ಕಾಕೊಳ್ಳುತ್ತೆ. ಅವಳು ಪಾಪ ಕಾಯ್ತಾಳೆ. ಕಾಯೋದು ಮುಖದಲ್ಲಿ ಕಾಣುತ್ತೆ, ಕಂಡ್ರೆ ಇನ್ನೂ ಸಿಕ್ಕಾಕೊಳ್ಳುತ್ತೆ. ನೀನು ಕಾಯಲ್ಲ. ನೀನು ಯಾವಾಗ್ಲೂ ಬೇರೇನೋ ಯೋಚನೆ ಮಾಡ್ತಿರ್ತೀಯ, ಕತ್ತೆ!" ಆಗ ಇಬ್ಬರೂ ನಕ್ಕಿದ್ದರು. ಕ್ಯಾಪ್ಟನ್ ಹಿಂದಿನಿಂದ ಓಡಿಬಂದು ಇವಳ ಜೊತೆ ಹೆಜ್ಜೆ ಹಾಕಿದ. "ನಿನ್ನೆ ಸಿಕ್ಸರ್ ಹೊಡೆದ್ರಿ ಬಿಡಿ. ಮೇಷ್ಟ್ರ ಬಾಯಲ್ಲಿ ಭೇಷ್ ಬರೋದು ಅಂದ್ರೆ ತಮಾಷೆನಾ?" ಇವಳು ಚಪ್ಪಲಿಯೊಳಗೆ ಕಲ್ಲು ಹೊಕ್ಕವಳಂತೆ ನಿಂತಳು. ಅವನು ಮುಂದೆ ಹೋಗಲೆಂದು ಇಲ್ಲದ ಕಲ್ಲನ್ನು ಕೊಡವಿದಳು.

ತರಗತಿಯ ಹಿಂದಿನ ಬೆಂಚಿನಲ್ಲಿ ವಿಧಾನದ ಮೇಷ್ಟ್ರು ಕೂತಿದ್ದರು. ಭಾಷೆಯನ್ನು ಕಲಿಸುವ ವಿಧಾನ ಅವರ ವಿಷಯ. ಮಕ್ಕಳ ಬೆಂಚಾದ್ದರಿಂದ ಅವರ ಮೊಣಕಾಲು ಎದೆಗೆ ಬಂದಿತ್ತು. ಅವರ ಪಕ್ಕದಲ್ಲಿ ಉಳಿದ ಮೂವರು. ಪಾಠ ಮುಗಿದ ಮೇಲೆ ಮಕ್ಕಳನ್ನು ಆಟಕ್ಕೆ ಬಿಟ್ಟು, ನೋಡಿದವರೆಲ್ಲ ಒಬ್ಬೊಬ್ಬರಾಗಿ ಎದ್ದು ಪಾಠದಲ್ಲಿ ಒಂದೊಂದು ತಪ್ಪು ಹೇಳಬೇಕು. ಹೇಳದಿದ್ದರೆ ಹೇಳದವರ ಅಂಕ ಕಡಿತ. ತಪ್ಪು ಕಾಣದ ಕಣ್ಣು ಮೇಷ್ಟ್ರ ಕಣ್ಣಲ್ಲ ಎಂಬುದು ಅವರ ಮಾತು. ಇದಕ್ಕೆ ವಿದ್ಯಾರ್ಥಿಗಳು ತಪ್ಪು ಹೇಳುವ ಗಂಟೆ ಎಂದು ಹೆಸರಿಟ್ಟು, ತಮ್ಮದೇ ಉಪಾಯ ಕಂಡುಕೊಂಡಿದ್ದರು. ಪಾಠಕ್ಕೆ ಎಷ್ಟೋ ಮೊದಲೇ ಯಾರು ಯಾವ ತಪ್ಪು ಹೇಳುವುದು ಎಂದು ಹಂಚಿಕೊಳ್ಳುವುದು. ನೋವಾಗದಂಥ, ಅಂಕ ಹೋಗದಂಥ ತಪ್ಪುಗಳು. ನೀನು ನನಗೆ ಅಕ್ಷರ ಓರೆ ಅನ್ನು, ನಾನು ನಿನಗೆ ಚಿತ್ರ ಚಿಕ್ಕದು ಅನ್ನುತ್ತೇನೆ. ಹೇಳಿಕೊಟ್ಟಂತೆ ಎಲ್ಲರೂ ಬಯ್ಯಿಸಿಕೊಂಡು ಎಲ್ಲರೂ ಪಾರಾಗುತ್ತಿದ್ದರು. ಇವಳು ಬೋರ್ಡಿನ ಮುಂದೆ ನಿಂತು ಮೊದಲ ಪಟ್ಟಿಯನ್ನು ಎತ್ತಿ ಹಿಡಿದಳು. ಇರುವೆ. ಮಕ್ಕಳು ಕೂಗಿದರು. ಎರಡನೆಯದು. ಸಾಲು. ದೊಡ್ಡಮ್ಮನ ಕೈಬರಹ ಅಚ್ಚಿನಂತಿತ್ತು. ಒಂದೊಂದು ಅಕ್ಷರದ ತಲೆಕಟ್ಟೂ ಒಂದೇ ಗೆರೆಯಲ್ಲಿ.

ನಿನ್ನೆ ಇದೇ ಜಾಗದಲ್ಲಿ ದೊಡ್ಡಮ್ಮ ನಿಂತಿದ್ದಳು, ಬೋರ್ಡಿಗೆ ಬಾತುಕೋಳಿಯ ಚಿತ್ರ ನೇತುಹಾಕಿ. ನೀರಿಗೆ ಹೆದರುವ ಬಾತುಕೋಳಿಯ ಕತೆ. ಪಾಠ ಚೀಟಿಯಲ್ಲಿ ಬಂದಿತ್ತು, ಬದಲಿಸುವಂತಿರಲಿಲ್ಲ. ಕೋಣೆಯಲ್ಲಿ ದೊಡ್ಡಮ್ಮ ತಲೆ ಮೇಲೆ ಕೈಹೊತ್ತು ಕೂತಾಗ ಉಪಾಯ ಹೇಳಿದ್ದೂ ಇವಳೇ. "ಆ ಪದ ಬರೋ ಕಡೆಯೆಲ್ಲ ನೀನು ಕೈ ಚಾಚಕ್ಕ, ಹೀಗೆ, ಅಂಗೈ ಮೇಲೆ ಮಾಡಿ. ಮಕ್ಕಳೇ ಕೂಗ್ತಾರೆ. ಮಕ್ಕಳಿಗೆ ಕೂಗು ಅನ್ನೋದೊಂದು ಸಾಕು." ಎರಡು ಸಂಜೆ ಮಂಚದ ಮೇಲೆ ಕೂತು ಇಡೀ ತರಗತಿಯ ಪರವಾಗಿ ಇವಳೇ ಕೂಗಿದ್ದಳು. ನಿನ್ನೆ ಮಕ್ಕಳು ಅದಕ್ಕಿಂತ ಚೆನ್ನಾಗಿ ಕೂಗಿದರು. ದೊಡ್ಡಮ್ಮ ಅಂಗೈ ಚಾಚಿದಾಗಲೆಲ್ಲ ಮಾಡಿನ ಹೆಂಚು ಹಾರುವ ಹಾಗೆ ಕೂಗು. ನಡುನಡುವೆ ಅವಳು ದನಿ ತಗ್ಗಿಸಿದರೆ ಅವರೂ ಉಸಿರು ಬಿಗಿಹಿಡಿಯುತ್ತಿದ್ದರು. ಪಾಠ ಮುಗಿದಾಗ ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಅವರಿಗೆ ಖುಷಿಯಾದಾಗ ಮಾಡುವ ಕೆಲಸ ಅದು. "ನೋಡಿ, ಇದು ಪಾಠ. ಒಂದು ಉತ್ತರಾನೂ ಈಯಮ್ಮ ತಾವು ಹೇಳ್ಲಿಲ್ಲ. ಕೈ ಚಾಚಿದ್ರು, ಮಕ್ಕಳ ಬಾಯಿಂದ ಬಂತು. ಬಾಯಿ ಮುಚ್ಕೊಂಡಿರೋದಕ್ಕೂ ವಿದ್ಯೆ ಬೇಕು." ಆಮೇಲೆ ಇವಳ ಕಡೆ ತಿರುಗಿದರು. "ಹೋದ ವಾರ ನೀವು ಮಾಡಿದ್ರಲ್ಲ ತಾಯಿ, ನೀವೇ ಕೇಳಿದ್ರಿ, ನೀವೇ ಹೇಳಿದ್ರಿ, ಕೊನೆಗೆ ನೀವೇ ಜಾಣೆ ಅಂದ್ಕೊಂಡ್ರಿ." ಎಲ್ಲರೂ ನಕ್ಕರು. ದೊಡ್ಡಮ್ಮನೂ ತಲೆ ತಗ್ಗಿಸಿಕೊಂಡು ನಕ್ಕಳು, ಗೆದ್ದ ಸಮಾಧಾನದ ಸಣ್ಣ ನಗು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇವಳಿಗೆ ಆಗ ಹಾಗೆ ಕಾಣಲಿಲ್ಲ.

"ಟೀಚರ್, ಇದು ಬೆಲ್ಲ," ಎಂದಳು ಮುಂದಿನ ಸಾಲಿನ ಹುಡುಗಿ. "ಜಾಣೆ," ಎಂದಳು ಇವಳು. ಪಟ್ಟಿಯ ಮೇಲೆ ಇದ್ದದ್ದು ಸಕ್ಕರೆ. ಹುಡುಗಿ ಅಕ್ಷರ ಓದಿರಲಿಲ್ಲ, ಇರುವೆಗೆ ಸಿಹಿ ಇಷ್ಟವೆಂದು ಊಹಿಸಿ ಹೇಳಿದ್ದಳು. ಈಗ ಜಾಣೆ ಎನಿಸಿಕೊಂಡು ಪಕ್ಕದವಳನ್ನು ಮೊಣಕೈಯಿಂದ ತಿವಿಯುತ್ತ ಕೂತಳು. ಎರಡು ಮೂರು ಮಕ್ಕಳು ಕಿಸಕ್ಕನೆ ನಕ್ಕರು. ಇವಳು ಆಗ ಪಟ್ಟಿಯನ್ನು ಬಗ್ಗಿ ನೋಡಿದಳು. ಮೇಷ್ಟ್ರು ಪಾಠದ ಟಿಪ್ಪಣಿಯಲ್ಲಿ ಮುಖ ಹುದುಗಿಸಿದ್ದರು. ಕ್ಯಾಪ್ಟನ್ ಕಿಟಕಿಯಾಚೆ ಮೈದಾನ ನೋಡುತ್ತಿದ್ದ. ಉದ್ದಜಡೆಯವಳು ಪೆನ್ನಿನ ಮುಚ್ಚಳ ಕಚ್ಚುತ್ತಿದ್ದಳು. ದೊಡ್ಡಮ್ಮ ಮಾತ್ರ ತಲೆ ಎತ್ತಿ ಪಟ್ಟಿಯನ್ನು ನೋಡಿದಳು, ಇವಳನ್ನು ನೋಡಿದಳು, ಮತ್ತೆ ತಲೆ ಬಗ್ಗಿಸಿದಳು. ಓದು ಕಲಿಸುವ ಪಾಠದಲ್ಲಿ ತಪ್ಪು ಓದಿಗೆ ಜಾಣೆ ಅನ್ನುವುದಕ್ಕಿಂತ ದೊಡ್ಡ ತಪ್ಪಿಲ್ಲ. ತನ್ನ ಕೈಯಾರೆ ಬರೆದ ಪಟ್ಟಿಯನ್ನು ದೊಡ್ಡಮ್ಮ ಗುರುತಿಸದೇ ಇರಲಾರಳು. ಇವಳಿಗೆ ಭಯದ ಜೊತೆಗೆ ಒಂದು ಬಗೆಯ ಸಮಾಧಾನವೂ ಆಯಿತು. ಹೇಳಲಿ. ಇವತ್ತು ನನ್ನ ಸರದಿ. ಎಲ್ಲರ ಮುಂದೆ ಹೇಳಲಿ, ಮೇಷ್ಟ್ರು ಕನ್ನಡಕದ ಮೇಲಿನಿಂದ ನೋಡಲಿ, ಲೆಕ್ಕ ಸರಿಹೋಗಲಿ.

ನಿನ್ನೆ ತಪ್ಪು ಹೇಳುವ ಗಂಟೆಯಲ್ಲಿ ಕ್ಯಾಪ್ಟನ್, "ಚಿತ್ರ ಸ್ವಲ್ಪ ಎತ್ತರಕ್ಕಾಯ್ತು ಸರ್," ಅಂದಿದ್ದ. ಉದ್ದಜಡೆಯವಳು, "ಬೋರ್ಡು ಪೂರ್ತಿ ಒರೆಸ್ಲಿಲ್ಲ ಸರ್," ಅಂದಿದ್ದಳು. ಇವಳ ಪಾಲಿಗೆ ಬಂದದ್ದು ಅಕ್ಷರ ಬಲಕ್ಕೆ ಇಳಿದಿದೆ ಎಂಬುದು. ಹೇಳಿದಳು. ಮೇಷ್ಟ್ರು ಪೆನ್ನು ಕೆಳಗಿಟ್ಟರು. "ಅಚ್ಚಿನ ಹಾಗೆ ಬರೆದಿದ್ದಾರೆ, ಇಳಿದಿದೆ ಅಂತೀರಲ್ಲ. ಹಂಚ್ಕೊಂಡಿದ್ದೀರಿ. ನಾನೇನು ಕಿವಿಗೆ ಹೂ ಇಟ್ಕೊಂಡಿದ್ದೀನಾ? ಪಾಠ ಮಾಡೋಕೂ ಬರಲ್ಲ, ಪಾಠ ನೋಡೋಕೂ ಬರಲ್ಲ ಅಂತ ನಿಮ್ಮ ಹೆಸರಿನ ಮುಂದೆ ಬರ್ಕೊಳ್ಲಾ?" ಕಿವಿ ಬಿಸಿಯಾಯಿತು. ಬಾಯಿ ತಾನಾಗಿ ತೆರೆದುಕೊಂಡಿತು ಎಂದು ರಾತ್ರಿಯೆಲ್ಲ ತನಗೆ ತಾನೇ ಹೇಳಿಕೊಂಡಿದ್ದಳು. ಅದು ಸುಳ್ಳು. ವಾಕ್ಯವನ್ನು ಅವಳು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದಳು, ಪುಸ್ತಕದ ಮಾತಿನಂತೆ ಕೇಳಲೆಂದು ಕೊನೆಯನ್ನು ತಿದ್ದಿಯೂ ಇದ್ದಳು. "ಸರ್, ಇಡೀ ಪಾಠದಲ್ಲಿ ಅವರು ಬಾತುಕೋಳಿ ಅನ್ನೋ ಪದಾನ ಒಂದು ಸಲಾನೂ ಹೇಳ್ಲಿಲ್ಲ. ಮಕ್ಕಳಿಗೆ ಶಿಕ್ಷಕರ ಬಾಯಿಂದ ಶುದ್ಧ ಉಚ್ಚಾರಣೆ ಸಿಗಲಿಲ್ಲ." ಮೇಷ್ಟ್ರು ಹುಬ್ಬೇರಿಸಿದರು. "ಭೇಷ್," ಎಂದರು. ಎಷ್ಟು ತಿಂಗಳಿಂದ ಕಾದಿದ್ದ ಮಾತು. ಹಿತವಾಯಿತು, ಹೊಟ್ಟೆಗೆ ಬೆಚ್ಚಗೆ ಏನೋ ಇಳಿದ ಹಾಗೆ. ಆ ಹಿತದಲ್ಲೇ ದೊಡ್ಡಮ್ಮನ ಕಡೆ ನೋಡಿದಳು. ದೊಡ್ಡಮ್ಮ ಇವಳನ್ನು ನೋಡುತ್ತಿದ್ದಳು, ಬಸ್ಸಿನಲ್ಲಿ ನಿದ್ದೆಯಿಂದ ಎಚ್ಚೆತ್ತು, ಪಕ್ಕದಲ್ಲಿ ಕೂತವರ ಕೈ ತನ್ನ ಚೀಲದೊಳಗೆ ಕಂಡಾಗ ನೋಡುವ ಹಾಗೆ. "ಹೇಳಿಯಮ್ಮಾ ಒಂದ್ಸಲ, ನಾವೇ ಮಕ್ಕಳು ಅಂದ್ಕೊಳ್ಳಿ," ಎಂದರು ಮೇಷ್ಟ್ರು, ನಿಜಕ್ಕೂ ಒಳ್ಳೆಯ ಮನಸ್ಸಿನಿಂದ.

ದೊಡ್ಡಮ್ಮ ಚಿತ್ರದ ಪಕ್ಕ ನಿಂತಳು. ತುಟಿ ಮುಚ್ಚಿದಳು. ತುಟಿ ತೆರೆಯಲಿಲ್ಲ. ಕತ್ತಿನ ನರ ಎದ್ದಿತು, ಗಲ್ಲ ನಡುಗಿತು, ಕಣ್ಣು ಎಲ್ಲೋ ಮೇಲೆ ಮಾಡಿಗೆ ಹೋಯಿತು. ತುಟಿಯ ಹಿಂದೆ ಯಾರೋ ಬಾಗಿಲು ತಳ್ಳುತ್ತಿರುವ ಹಾಗೆ ಇಡೀ ಮೈ ಒಂದು ಅಕ್ಷರವನ್ನು ತಳ್ಳುತ್ತಿತ್ತು. ಆಗ ಅವಳ ಬಲಗೈ, ಅವಳಿಗೆ ಗೊತ್ತಿಲ್ಲದೆಯೇ, ಅಂಗೈ ಮೇಲಾಗಿ ಚಿತ್ರದ ಕಡೆ ಚಾಚಿಕೊಂಡಿತು. ನೀರು ಕುಡಿಯಲು ಬಂದು ಕಿಟಕಿಯಲ್ಲಿ ಇಣುಕುತ್ತಿದ್ದ ಮಕ್ಕಳು ಅದನ್ನು ನೋಡಿದರು. ಟೀಚರ್ ಕೇಳಿದರೆ ಹೇಳಬೇಕು. "ಬಾತುಕೋಳೀ!" ಎಂದು ಕಂಬಿ ಹಿಡಿದು ಒಟ್ಟಿಗೆ ಕೂಗಿದರು, ಹೆಮ್ಮೆಯಿಂದ. ಮೊದಲು ಕ್ಯಾಪ್ಟನ್ ನಕ್ಕ. ಆಮೇಲೆ ಉದ್ದಜಡೆಯವಳು ಬಾಯಿಗೆ ಸೆರಗು ಹಿಡಿದಳು. ಇವಳು ನಗಲಿಲ್ಲ, ಅದೊಂದೇ ಇವಳ ಪರವಾದ ಸಾಕ್ಷಿ. ಮೇಷ್ಟ್ರೂ ನಗಲಿಲ್ಲ, ಅವರಿಗೆ ಅರ್ಥವಾಗಿತ್ತು. ವೈದ್ಯರ ದನಿಯಲ್ಲಿ, "ಎಷ್ಟು ದಿನದಿಂದಮ್ಮ?" ಎಂದು ಕೇಳಿದರು. ಉತ್ತರಕ್ಕೆ ಕಾಯದೆ ತಾವೇ ಮುಂದುವರಿಸಿದರು. "ಮುಂದಿನ ವಾರದ ಪರೀಕ್ಷೆ ಪಾಠಕ್ಕೆ ಗದ್ಯ ತಗೊಳ್ಳಿ. ಗಟ್ಟಿಯಾಗಿ ಓದ್ಬೇಕು. ಎಲ್ಲ ಪದಾನೂ ನಿಮ್ಮ ಬಾಯಲ್ಲೇ ಬರ್ಬೇಕು, ಕೈ ಚಾಚೋದೆಲ್ಲ ನಡೆಯಲ್ಲ. ಬಂದ್ರೆ ನನಗೂ ಸಂತೋಷ. ಬರ್ಲಿಲ್ಲ ಅಂದ್ರೆ ಪಾಸು ಮಾಡೋಕಾಗಲ್ಲ ತಾಯಿ, ಮಕ್ಕಳ ನಾಲಿಗೆ ತಿರುಗೋ ವಯಸ್ಸು."

ಇವತ್ತಿನ ಪಾಠ ಹೇಗೋ ಮುಗಿಯಿತು. ಮಕ್ಕಳು ದಡಬಡ ಹೊರಗೆ ಓಡಿದರು. ಮೇಷ್ಟ್ರು ಕಿಟಕಿಯ ಬಾಗಿಲನ್ನು ತಾವೇ ಎದ್ದು ಮುಚ್ಚಿದರು. ಕ್ಯಾಪ್ಟನ್ ತನ್ನ ಪಾಲಿನ ತಪ್ಪು ಒಪ್ಪಿಸಿದ, ಉದ್ದಜಡೆಯವಳು ತನ್ನದು. ಕೊನೆಗೆ ದೊಡ್ಡಮ್ಮ ಎದ್ದಳು. ಇವಳು ಬೋರ್ಡಿಗೆ ಬೆನ್ನು ಆನಿಸಿ ನಿಂತಳು. ಸೀಮೆಸುಣ್ಣದ ಪುಡಿ ರವಿಕೆಗೆ ಹತ್ತುತ್ತಿರುವುದು ಗೊತ್ತಾದರೂ ಸರಿಯಲಿಲ್ಲ. ಸಕ್ಕರೆ ಅನ್ನುವುದಕ್ಕೆ ತುಟಿ ಸೇರಬೇಕಿಲ್ಲ. ಸಲೀಸಾಗಿ ಹೇಳಬಹುದು. "ಕೊನೇ ಸಾಲಿನ ಕಡೆ ನೋಡ್ಲಿಲ್ಲ ಸರ್," ಎಂದಳು ದೊಡ್ಡಮ್ಮ. ಮೂರು ದಿನದ ಹಿಂದೆ ಕೋಣೆಯಲ್ಲಿ ಹಂಚಿಕೊಂಡಿದ್ದ ತಪ್ಪು. ಮೇಷ್ಟ್ರು ತಲೆ ಕೊಡವಿದರು. "ಅಷ್ಟೇನಾ? ನಿನ್ನೆ ಅವರು ನಿಮ್ಮದನ್ನ ಎಷ್ಟು ಚೆನ್ನಾಗಿ ಹಿಡಿದ್ರು. ನೀವೂ ಹಿಡೀರಿ, ಸಂಕೋಚ ಯಾಕೆ?" "ಅಷ್ಟೇ ಸರ್." "ಸರಿಯಾಗಿ ನೋಡಿದ್ರಾ?" "ಕಣ್ಣಿಟ್ಟು ನೋಡಿದೆ ಸರ್." "ನಿಮ್ಮ ಅಂಕ ಹೋಗುತ್ತಮ್ಮ. ಈಗ ಒಂದೊಂದು ಅಂಕಾನೂ ನಿಮಗೆ..." "ಹೋಗ್ಲಿ ಸರ್." ಕೂತಳು. ಒಂದು ಕಡೆಯೂ ನಾಲಿಗೆ ತಡವರಿಸಲಿಲ್ಲ. ಇವಳು ಬಾಯಿ ತೆರೆದಳು. ನಾನು ತಪ್ಪು ಓದಿಗೆ ಜಾಣೆ ಅಂದೆ ಸರ್ ಎಂದು ತಾನೇ ಹೇಳಬಹುದಿತ್ತು. ಮೇಷ್ಟ್ರು ಆಗಲೇ ಪೆನ್ನು ಜೇಬಿಗೆ ಸಿಕ್ಕಿಸಿ ಏಳುತ್ತಿದ್ದರು, ಬೆಂಚಿನಿಂದ ಮೊಣಕಾಲು ಬಿಡಿಸಿಕೊಳ್ಳಲು ಕಷ್ಟಪಡುತ್ತಿದ್ದರು, ಕ್ಯಾಪ್ಟನ್ ಕೈಕೊಟ್ಟ, ಎಲ್ಲರೂ ಹೊರಟರು. ಹೇಳಲಿಲ್ಲ. ಹೇಳಿದ್ದರೆ ಮತ್ತೊಂದು ಭೇಷ್ ಸಿಗುತ್ತಿತ್ತೇನೋ.

ವಾಪಸು ಬರುವಾಗ ಕ್ಯಾಪ್ಟನ್ ಮೈದಾನಕ್ಕೆ, ಉದ್ದಜಡೆಯವಳು ಅಂಗಡಿಗೆ ಹೋದರು. ದಾರಿಯಲ್ಲಿ ಇಬ್ಬರೇ ಆದರು. ಇವಳು ನಾಲ್ಕು ಮಾರು ಹಿಂದೆ. ರಸ್ತೆ ದಾಟುವ ಕಡೆ ಲಾರಿಗಳ ಸಾಲು. ದೊಡ್ಡಮ್ಮ ಅರ್ಧ ದಾಟಿ ನಡುವಿನ ಕಟ್ಟೆಯ ಮೇಲೆ ನಿಂತಳು. ಇವಳಿಗೆ ರಸ್ತೆ ದಾಟಲು ಭಯ. ದಿನಾ ದೊಡ್ಡಮ್ಮ ಮೊಣಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದಳು. ಇವತ್ತು ಅಭ್ಯಾಸಬಲದಿಂದ ಹಿಂತಿರುಗಿದಳು. ಲಾರಿಗಳು ಹಾದುಹೋಗಿದ್ದವು, ದಾರಿ ತೆರವಾಗಿತ್ತು, ಕರೆಯಲು ಬಾಯಿ ತೆಗೆದಳು. ತುಟಿ ಅಂಟಿಕೊಂಡಿತು. ಬಾ ಅನ್ನಬೇಕಿತ್ತು, ಅಷ್ಟೇ. ಇಷ್ಟು ದಿನ ಇವಳಿಗೆ ದಿನಕ್ಕೆ ಎಷ್ಟು ಸಲ ಅಂದಿದ್ದಳೋ, ಬಾರೇ ಊಟಕ್ಕೆ, ಬಾರೇ ಮಲಗು ಬಾ, ಒಂದು ಸಲವೂ ಸಿಕ್ಕಿಕೊಳ್ಳದ ಮಾತು. ಕತ್ತಿನ ನರ ಎದ್ದಿತು. ಇವಳು ಬೇರೆ ಏನನ್ನಾದರೂ ಯೋಚಿಸಲು ನೋಡಿದಳು. ಲಾರಿಯ ನಂಬರು, ಎದುರಿನ ಗೋಡೆಯ ಮೇಲಿನ ಜಾಹೀರಾತು, ಊರಲ್ಲಿರುವ ತಮ್ಮ. ಯಾವುದೂ ನಿಲ್ಲಲಿಲ್ಲ. ತಾನು ಕಾಯುತ್ತಿದ್ದೇನೆ, ಕಾಯುವುದು ತನ್ನ ಮುಖದಲ್ಲಿ ಕಾಣುತ್ತಿದೆ, ದೊಡ್ಡಮ್ಮನಿಗೆ ಅದು ಕಂಡಿದೆ ಎಂದು ಗೊತ್ತಾಯಿತು. ದೊಡ್ಡಮ್ಮ ಪ್ರಯತ್ನ ಬಿಟ್ಟಳು. ಹೊರಗಿನವರಿಗೆ ಮಾಡುವಂತೆ ಸಣ್ಣಗೆ ತಲೆ ಆಡಿಸಿ, ತಿರುಗಿ, ಉಳಿದರ್ಧ ರಸ್ತೆ ದಾಟಿದಳು. ಇವಳು ಓಡಿ ಹೋಗಿ ಹಿಡಿದಳು. "ಅಕ್ಕ, ಬೈಯಕ್ಕ. ಏನಾದ್ರೂ ಬೈಯಿ. ಕಪಾಳಕ್ಕೆ ಹೊಡಿ." ದೊಡ್ಡಮ್ಮ ಇವಳ ಬೆನ್ನಿನ ಸೀಮೆಸುಣ್ಣವನ್ನು ಕೈಯಲ್ಲಿ ಕೊಡವಿದಳು, ಅಂಗಡಿಯವನು ಕುರ್ಚಿ ಕೊಡವುವ ಹಾಗೆ. "ಏನೂ ಆಗಿಲ್ಲ," ಅಂದಳು. ತುಟಿ ಸೇರದ ಪದಗಳನ್ನು ಆರಿಸಿಕೊಂಡಿದ್ದಳು. ಈ ಆರಿಸುವಿಕೆಯನ್ನು ಇವಳು ಬೇರೆಯವರ ಜೊತೆಯ ಮಾತಿನಲ್ಲಿ ಮಾತ್ರ ನೋಡಿದ್ದಳು.

ಸಂಜೆ ಕುಡಿಯುವ ನೀರು ತರಲು ಕೆಳಗೆ ಹೋದಳು. ನಲ್ಲಿಯ ಹತ್ತಿರ ಸರದಿ ಇತ್ತು. ಯಾರೋ ವಾರ್ಡನ್ನಿನ ವಿಷಯ ಹೇಳಿ ನಗಿಸುತ್ತಿದ್ದರು. ಇವಳೂ ಎಲ್ಲರ ಜೊತೆ ನಕ್ಕಳು, ನಕ್ಕದ್ದು ತನ್ನ ಕಿವಿಗೇ ಕೇಳಿಸಿತು. ಹೂಜಿ ತುಂಬಿಸಿಕೊಂಡು ಮೆಟ್ಟಿಲು ಹತ್ತಿ ಕಾರಿಡಾರಿಗೆ ಬಂದಾಗ ತಮ್ಮ ಕೋಣೆಯಿಂದ ದನಿ ಕೇಳಿತು. ಒಳಗೆ ದೊಡ್ಡಮ್ಮ ಒಬ್ಬಳೇ ಇದ್ದಳು. ಪರೀಕ್ಷೆ ಪಾಠದ ಗದ್ಯ ಓದುತ್ತಿದ್ದಳು, ಬೆಟ್ಟದ ಬುಡದಲ್ಲಿ ಮನೆ ಕಟ್ಟಿದ ಮುದುಕನ ಕತೆ. ಬೆಟ್ಟ, ಬುಡ, ಮನೆ, ಮುದುಕ. ಒಂದೊಂದೂ ನೀರಿನ ಹಾಗೆ ಬರುತ್ತಿತ್ತು. ಮುದುಕನಿಗೆ ಒಂದು ದನಿ, ಅವನ ಮೊಮ್ಮಗಳಿಗೆ ಇನ್ನೊಂದು. ನಡುವೆ ದನಿ ತಗ್ಗಿಸಿ, ಉಸಿರು ಹಿಡಿಸಿ, ಮತ್ತೆ ಏರಿಸಿ. ಇಷ್ಟು ಚೆನ್ನಾಗಿ ಈ ಬ್ಯಾಚಿನಲ್ಲಿ ಯಾರೂ ಓದಲಾರರು. ಇವಳ ಕೈ ಬಾಗಿಲ ಚಿಲಕದ ಮೇಲಿತ್ತು. ಒತ್ತಲಿಲ್ಲ. ಚಪ್ಪಲಿಯನ್ನು ಅಲ್ಲೇ ಬಿಟ್ಟು, ಸದ್ದಾಗದಂತೆ ಹೂಜಿಯನ್ನು ನೆಲಕ್ಕಿಟ್ಟು, ಎದುರು ಗೋಡೆಗೆ ಒರಗಿ ಕೂತಳು. ಪಕ್ಕದ ಕೋಣೆಯ ಹುಡುಗಿ ಹಾದುಹೋಗುತ್ತ, "ಏನ್ರೀ, ಹೊರಗೆ ಹಾಕಿದ್ರಾ ದೊಡ್ಡಮ್ಮ?" ಎಂದು ಕೇಳಿದಳು. ಇವಳು ತುಟಿಯ ಮೇಲೆ ಬೆರಳಿಟ್ಟಳು. ಹುಡುಗಿ ಏನೋ ಆಟವೆಂದು ತಿಳಿದು, ತಾನೂ ಬೆರಳಿಟ್ಟು ತೋರಿಸಿ, ಮೆಲ್ಲನೆ ಹೋದಳು. ಒಳಗೆ ಕತೆ ಮುಗಿಯಿತು. ಪುಟ ಮಗುಚಿದ ಸದ್ದು. ಈಗ ಪ್ರಶ್ನೆಗಳ ಭಾಗ.

"ಮುದುಕ ಮನೆ ಬಿಟ್ಟು ಯಾಕೆ ಹೋಗ್ಲಿಲ್ಲ?" ದೊಡ್ಡಮ್ಮ ಖಾಲಿ ಕೋಣೆಯನ್ನು ಕೇಳಿದಳು. "ಯೋಚನೆ ಮಾಡಿ ಮಕ್ಕಳೇ. ಬೇಗ ಬೇಡ. ಯಾರು ಹೇಳ್ತೀರಿ?"

ಮಕ್ಕಳಿಗೆ ಯೋಚಿಸಲು ಬಿಡಬೇಕಾದಷ್ಟು ಹೊತ್ತು ಅವಳು ಸುಮ್ಮನಿದ್ದಳು. ಉತ್ತರ ಇವಳಿಗೆ ಗೊತ್ತಿತ್ತು. ಬಾಯಿ ಮುಚ್ಚಿಕೊಂಡು ಕೂತಳು.